ಪಾಚಿ, ಮೈಲುತುತ್ತು ಮತ್ತು ಹವಳದ ತೊಟ್ಟಿ

ಸಿಂಧನೂರು ತಾಲ್ಲೂಕಿನ ದಢೇಸುಗೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಅದರ ಸುತ್ತ ಕಣ್ಣು ಹಾಯಿಸಿದಷ್ಟು ದೂರ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು. ನಾಟಿ ಮುಗಿದ ಎರಡು ಮೂರು ವಾರಗಳಲ್ಲಿ ಈ ಗದ್ದೆಗಳ ನೀರಿನ ಮೇಲೆ ಹಸಿರು ಪದರವೊಂದು ಕಟ್ಟುವುದನ್ನು ಓದುಗರು ನೋಡಿರಬಹುದು. ಮಧ್ಯಾಹ್ನದ ಬಿಸಿಲಿಗೆ ಅದರ ಎಳೆಗಳ ನಡುವೆ ಆಕ್ಸಿಜನ್ ಗುಳ್ಳೆಗಳು ಸಿಕ್ಕಿಕೊಂಡು ಪದರ ಉಬ್ಬಿ ತೇಲುತ್ತದೆ. ಗಾಳಿ ಬೀಸಿದರೆ ಒಂದು ಮೂಲೆಗೆ ಸರಿದು ಎಳೆಯ ಸಸಿಗಳನ್ನು ಒತ್ತಿ ಮಲಗಿಸುತ್ತದೆ. ಪಾಚಿ, ಹಾವಸೆ ಎಂದೆಲ್ಲ ಕರೆಯುವುದು ಇದನ್ನೇ. ಇದಕ್ಕೆ ರೂಢಿಯಲ್ಲಿರುವ ಉಪಾಯ ಸರಳ. ಮೈಲುತುತ್ತಿನ ಹರಳುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಗದ್ದೆಗೆ ನೀರು ನುಗ್ಗುವ ಬಾಯಿಯಲ್ಲಿ ಇಡುವುದು. ಹರಳು ಕರಗಿ ನೀರಿನೊಂದಿಗೆ ಹರಡುತ್ತದೆ, ಪಾಚಿ ಬಿಳಿಚಿಕೊಂಡು ಸಾಯುತ್ತದೆ.

ಈ ಪುಟ್ಟ ಗಂಟಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಬೇಡದ ಪಾಚಿಯ ವಿರುದ್ಧ ಮನುಷ್ಯ ಹಿಡಿದ ಅಸ್ತ್ರಗಳಲ್ಲಿ ವಿಷ ಒಂದು, ಕತ್ತಲೆ ಇನ್ನೊಂದು. ಮೂರನೆಯದನ್ನು ಜನ ಚೆನ್ನಾಗಿ ಕಲಿತದ್ದು ಗದ್ದೆಯಲ್ಲಿ ಅಲ್ಲ. ಸಮುದ್ರದ ಹವಳಗಳನ್ನು ಸಾಕುವ ಗಾಜಿನ ತೊಟ್ಟಿಗಳಲ್ಲಿ. ಅಲ್ಲಿ ಮೊದಲೆರಡು ಅಸ್ತ್ರಗಳನ್ನೂ ಬಳಸುವಂತಿರಲಿಲ್ಲ ಎಂಬುದೇ ಅದಕ್ಕೆ ಕಾರಣ. ಭೌತವಿಜ್ಞಾನ ಕಲಿಸುವವನಿಗೆ ಪಾಚಿಯ ಗೊಡವೆ ಏಕೆ ಎಂದು ಕೇಳಬಹುದು. ಬೆಳಕನ್ನು ಹೀರಿ ಬದುಕುವ ಜೀವಿ ಭೌತವಿಜ್ಞಾನಕ್ಕೆ ಹೊರಗಿನದೇನಲ್ಲ.

ವಿಷದ ದಾರಿ

ಫ್ರಾನ್ಸಿನ ಬೋರ್ಡೊ ಪ್ರಾಂತದಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕೀಳದಿರಲೆಂದು ಬೆಳೆಗಾರರು ಬಳ್ಳಿಗಳಿಗೆ ಸುಣ್ಣ ಮತ್ತು ಮೈಲುತುತ್ತಿನ ನೀಲಿ ಲೇಪ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ತಗಲದ್ದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಬೋರ್ಡೊ ದ್ರಾವಣವನ್ನು ಪ್ರಕಟಪಡಿಸಿದ. ಮಲೆನಾಡಿನ ಅಡಿಕೆ ತೋಟಗಳಿಗೆ ಅದು ಬಂದದ್ದು ಮೈಸೂರು ಸರ್ಕಾರದ ಸೇವೆಗೆ 1908ರಲ್ಲಿ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಕೊಳೆರೋಗದ ಅಧ್ಯಯನಗಳಿಂದ. ತಾಮ್ರದ ಅಯಾನು ಬೂಜನ್ನು ಕೊಲ್ಲುವುದಾದರೆ ಪಾಚಿಯನ್ನೇಕೆ ಕೊಲ್ಲಬಾರದು? ಅಮೆರಿಕದ ಕೃಷಿ ಇಲಾಖೆಯ ಜಾರ್ಜ್ ಮೂರ್ ಮತ್ತು ಕಾರ್ಲ್ ಕೆಲ್ಲರ್‌ಮನ್ 1904ರಲ್ಲಿ ಇದನ್ನೇ ತೋರಿಸಿದರು. ಕುಡಿಯುವ ನೀರಿನ ಜಲಾಶಯಗಳಲ್ಲಿ ದುರ್ವಾಸನೆ ತರುವ ಪಾಚಿಗಳನ್ನು ಕೊಲ್ಲಲು ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗಕ್ಕಿಂತಲೂ ಕಡಿಮೆ ಮೈಲುತುತ್ತು ಎಷ್ಟೋ ಸಂದರ್ಭಗಳಲ್ಲಿ ಸಾಕಾಗುತ್ತಿತ್ತು. ಅವರ ವಿಧಾನವೂ ಗೋಣಿಚೀಲದ್ದೇ: ಹರಳು ತುಂಬಿದ ಚೀಲವನ್ನು ದೋಣಿಗೆ ಕಟ್ಟಿ ಜಲಾಶಯದ ತುಂಬ ಎಳೆದಾಡುವುದು. ನಮ್ಮ ರೈತರ ಬಟ್ಟೆಯ ಗಂಟಿಗೂ ಅದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ಮುಂದೆ ಅನೇಕ ದೇಶಗಳ ಜಲಾಶಯಗಳಲ್ಲಿ ಇದು ನಿತ್ಯದ ಕ್ರಮವಾಯಿತು. ಆದರೆ ಸತ್ತ ಪಾಚಿ ಎಲ್ಲಿಗೂ ಹೋಗುವುದಿಲ್ಲ. ಜೀವಕೋಶ ಒಡೆದು ಅದರೊಳಗಿನ ರಂಜಕ, ಸಾರಜನಕಗಳು ನೀರಿಗೇ ಮರಳುತ್ತವೆ. ಮುಂದಿನ ಪೀಳಿಗೆಗೆ ಅವೇ ಗೊಬ್ಬರ. ತಾಮ್ರವಾದರೋ ಗಡಸು ನೀರಿನಲ್ಲಿ ಬೇಗನೆ ಕಾರ್ಬೊನೇಟಾಗಿ ತಳದ ಕೆಸರು ಸೇರುತ್ತದೆ. ಆದ್ದರಿಂದ ಮತ್ತೆ ಹಾಕಬೇಕು, ಮತ್ತೆ ಮತ್ತೆ ಹಾಕಬೇಕು.

ಇದಕ್ಕಿಂತ ಗಂಭೀರವಾದದ್ದು 1979ರಲ್ಲಿ ಆಸ್ಟ್ರೇಲಿಯದ ಪಾಮ್ ದ್ವೀಪದಲ್ಲಿ ನಡೆಯಿತು. ಅಲ್ಲಿನ ಸಾಲೊಮನ್ ಅಣೆಕಟ್ಟಿನ ಕುಡಿಯುವ ನೀರಿನಲ್ಲಿ ಪಾಚಿ ಬೆಳೆದು ವಾಸನೆ ಬಂತೆಂದು ಮೈಲುತುತ್ತು ಹಾಕಲಾಯಿತು. ಕೆಲವೇ ದಿನಗಳಲ್ಲಿ 148 ಮಂದಿ ಯಕೃತ್ತು, ಮೂತ್ರಪಿಂಡಗಳ ಬೇನೆಯಿಂದ ನರಳಿದರು. ಅವರಲ್ಲಿ 138 ಮಂದಿ ಮಕ್ಕಳು. ಮೊದಲು ಅದನ್ನು ನಿಗೂಢ ರೋಗ ಎಂದೇ ಕರೆದರು. ಆ ನೀರಿನಲ್ಲಿದ್ದದ್ದು ಸಿಲಿಂಡ್ರೊಸ್ಪರ್ಮಾಪ್ಸಿಸ್ ಎಂಬ ನೀಲಿ-ಹಸಿರು ಪಾಚಿ, ಅಂದರೆ ಸಯನೊಬ್ಯಾಕ್ಟೀರಿಯ, ಮತ್ತು ಅದು ವಿಷಕಾರಿ ಎಂಬುದು ನಂತರದ ವರ್ಷಗಳಲ್ಲಿ ತಿಳಿಯಿತು. ಬದುಕಿರುವಾಗ ವಿಷದ ಹೆಚ್ಚಿನ ಪಾಲನ್ನು ಕೋಶದೊಳಗೇ ಇಟ್ಟುಕೊಳ್ಳುವ ಜೀವಿಯನ್ನು ಒಮ್ಮೆಲೇ ಒಡೆದರೆ ವಿಷವೆಲ್ಲ ನೀರಿಗೆ ಬರುತ್ತದೆ. ನೀರನ್ನು ಸೋಸಿದರೂ ಪ್ರಯೋಜನವಿಲ್ಲ, ಏಕೆಂದರೆ ಅದು ಕರಗಿರುತ್ತದೆ.

ಕತ್ತಲೆಯ ದಾರಿ

ಇನ್ನು ಎರಡನೆಯ ಅಸ್ತ್ರ. ಅದಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಲಂಡನ್ನಿಗೆ ಹೋಗಬೇಕು. ಸಮುದ್ರದ ಜೀವಿಗಳನ್ನು ಮನೆಯೊಳಗೆ ದೀರ್ಘಕಾಲ ಉಳಿಸಿಕೊಂಡವರಲ್ಲಿ ಮೊದಲಿಗಳೆಂದು ಆನ್ನಾ ಥಿನ್ ಎಂಬ ಮಹಿಳೆಯನ್ನು ಹೇಳಬೇಕು. 1846ರಲ್ಲಿ ಆಕೆ ಟಾರ್ಕ್ವೆ ಕರಾವಳಿಯಿಂದ ಕೆಲವು ಹವಳಜೀವಿಗಳನ್ನು ಲಂಡನ್ನಿಗೆ ತಂದಳು. ಅವುಗಳ ನೀರಿಗೆ ಗಾಳಿ ಸೇರಿಸಲು ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯಬೇಕಾಗಿತ್ತು. (ವಿಜ್ಞಾನದ ಇತಿಹಾಸದಲ್ಲಿ ಈ ಕೆಲಸದವಳ ತೋಳುಗಳಿಗೂ ಒಂದು ಸ್ಥಾನ ಸಲ್ಲಬೇಕು.) ಮರುವರ್ಷ ಆಕೆ ತೊಟ್ಟಿಗೆ ಕಡಲಪಾಚಿಯನ್ನು ಹಾಕಿದಳು. ಪಾಚಿ ಆಕ್ಸಿಜನ್ ಕೊಟ್ಟಿತು. ಅಂದರೆ ಉಪ್ಪುನೀರಿನ ಅಕ್ವೇರಿಯಂ ಹುಟ್ಟಿದ್ದೇ ಪಾಚಿಯ ಸ್ನೇಹದಿಂದ.

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕ ಮರುವರ್ಷ ಹೊರಬಂದು ಮನೆಮನೆಯಲ್ಲಿ ಗಾಜಿನ ತೊಟ್ಟಿಯ ಹುಚ್ಚು ಹಬ್ಬಿತು. ಕಿಟಕಿಯ ಬಳಿಯಿಟ್ಟ ತೊಟ್ಟಿಗಳು ಹಸಿರು ಸಾರಿನಂತಾಗಿ ಜನ ಬೇಸತ್ತದ್ದೂ ಆಗಲೇ. ಇದಕ್ಕೆ ಪರಿಹಾರ ಕಂಡ ವಿಲಿಯಂ ಆಲ್ಫರ್ಡ್ ಲಾಯ್ಡ್ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಅಕ್ವೇರಿಯಂ ಕಟ್ಟಿದಾಗ ಪ್ರದರ್ಶನದ ತೊಟ್ಟಿಗಳಿಗಿಂತ ಬಹಳ ದೊಡ್ಡದಾದ ಜಲಸಂಗ್ರಹವನ್ನು ನೆಲದಡಿ ಕತ್ತಲಲ್ಲಿ ಇಟ್ಟು, ನೀರನ್ನು ಸದಾ ಮೇಲೆ ಕೆಳಗೆ ಹರಿಸಿದ. ಬೆಳಕು ಕಾಣದ ನೀರಿನಲ್ಲಿ ತೇಲುವ ಪಾಚಿ ಹೆಚ್ಚುವುದಿಲ್ಲ.

ಭತ್ತದ ಗದ್ದೆಯಲ್ಲೂ ಕತ್ತಲೆಯ ಉಪಾಯ ತಾನಾಗಿಯೇ ನಡೆಯುತ್ತದೆ. ಪೈರು ತೆಂಡೆಯೊಡೆದು ಎಲೆಗಳು ಒಂದಕ್ಕೊಂದು ಕೂಡಿಕೊಂಡ ಮೇಲೆ ಪಾಚಿಯ ಕಾಟ ಇಳಿಯುತ್ತದೆ. ಎಲೆಯ ಪದರ ಪದರಕ್ಕೂ ಬೆಳಕು ಒಂದು ನಿರ್ದಿಷ್ಟ ಪಾಲಿನಷ್ಟು ಕುಗ್ಗುತ್ತ ಹೋಗುವುದರಿಂದ, ದ್ರಾವಣಗಳಿಗೆ ನಾವು ಕಲಿಸುವ ಬಿಯರ್-ಲ್ಯಾಂಬರ್ಟ್ ನಿಯಮವನ್ನು ಪೈರಿಗೂ ಹೆಚ್ಚುಕಡಿಮೆ ಅನ್ವಯಿಸಬಹುದು. ಬೇಗ ಹಬ್ಬುವ ಪೈರು ಮೈಲುತುತ್ತಿನ ಖರ್ಚನ್ನು ಉಳಿಸುತ್ತದೆ.

ಎರಡೂ ದಾರಿ ಮುಚ್ಚಿದಾಗ

ಆನ್ನಾ ಥಿನ್ ಸಾಕಿದ್ದು ತಂಪು ಕಡಲಿನ ಹವಳ. ಅದು ಕೈಗೆ ಸಿಕ್ಕ ಸಣ್ಣ ಜೀವಿಗಳನ್ನು ತಿಂದು ಮಬ್ಬು ಬೆಳಕಿನಲ್ಲೂ ಇರಬಲ್ಲದು. ಉಷ್ಣವಲಯದ ದಿಬ್ಬಗಳನ್ನು ಕಟ್ಟುವ ಹವಳದ ಸಂಗತಿ ಬೇರೆ. ಅದರ ಅಂಗಾಂಶದೊಳಗೇ ಝೂಕ್ಸಾಂತೆಲ್ಲೆ ಎಂಬ ಏಕಕೋಶ ಪಾಚಿ ಮನೆಮಾಡಿದೆ. ಹವಳದ ಆಹಾರದ ಬಹುಪಾಲು ಆ ಬಾಡಿಗೆದಾರನಿಂದಲೇ ಬರುತ್ತದೆ. ಬೆಳಕು ತೆಗೆದರೆ ಹವಳ ಸಾಯುತ್ತದೆ, ಬೆಳಕು ಕೊಟ್ಟರೆ ಅದರ ಪಕ್ಕದ ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿ ಬೆಳೆದು ಹವಳವನ್ನೇ ಮುಚ್ಚುತ್ತದೆ. ಮೈಲುತುತ್ತು ಹಾಕೋಣವೆಂದರೆ ಮೀನಿನ ಪರೋಪಜೀವಿಗಳಿಗೆ ಔಷಧವಾಗಿ ಬಳಸುವ ಅಲ್ಪ ಪ್ರಮಾಣದ ತಾಮ್ರವೂ ಹವಳ, ಶಂಖ, ಸೀಗಡಿಗಳನ್ನು ಕೊಂದುಬಿಡುತ್ತದೆ. ತಳದ ಸುಣ್ಣದ ಮರಳು ತಾಮ್ರವನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಮ್ಮೆ ತಾಮ್ರ ಕಂಡ ತೊಟ್ಟಿಯನ್ನು ಹವಳಕ್ಕೆ ಬಳಸಲು ಸಾಕುವವರು ಹೆದರುತ್ತಾರೆ.

ಹಾಗಾಗಿ 1950ರ ದಶಕದವರೆಗೆ ಹವಳವನ್ನು ತೊಟ್ಟಿಯಲ್ಲಿ ಬೆಳೆಸುವುದು ಆಗದ ಮಾತೆಂದೇ ಭಾವನೆ ಇತ್ತು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬಾತ ತನ್ನ ವಿಧಾನವನ್ನು ಅಮೆರಿಕದ ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಬರೆದ. ಆತ ಮಾಡಿದ್ದು ಇಷ್ಟೇ: ಸಮುದ್ರದಿಂದ ಜೀವಸಹಿತವಾದ ಬಂಡೆಚೂರುಗಳನ್ನು ತಂದು ಹಾಕಿ, ಸಣ್ಣಗೆ ಗಾಳಿ ಬಿಟ್ಟು, ಬಿಸಿಲಿಗೆ ಇಟ್ಟ. ಶೋಧಕ ಯಂತ್ರವಿಲ್ಲ. ರಂಧ್ರಮಯವಾದ ಆ ಬಂಡೆಯ ಹೊರಮೈಯಲ್ಲಿ ಅಮೋನಿಯವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಗಳೂ, ಆಕ್ಸಿಜನ್ ತಲುಪದ ಒಳಗಿನ ರಂಧ್ರಗಳಲ್ಲಿ ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಬಿಡುವ ಬ್ಯಾಕ್ಟೀರಿಯಗಳೂ ಇದ್ದವು. ಪಾಚಿಯ ಊಟದ ಒಂದು ಭಾಗ ಗಾಳಿಗೆ ಹಾರಿಹೋಗುತ್ತಿತ್ತು. ಜರ್ಮನಿಯ, ವಿಶೇಷವಾಗಿ ಬರ್ಲಿನ್ನಿನ, ಹವ್ಯಾಸಿಗಳು ಇದಕ್ಕೆ ನೊರೆ ತೆಗೆಯುವ ಯಂತ್ರವನ್ನು ಜೋಡಿಸಿದರು. ನೀರಿನ ತಳದಿಂದ ಸಣ್ಣ ಗುಳ್ಳೆಗಳನ್ನು ಬಿಟ್ಟರೆ ಸಾವಯವ ಅಣುಗಳು ಗುಳ್ಳೆಯ ಮೈಗೆ ಅಂಟಿ ನೊರೆಯಾಗಿ ಮೇಲೆ ಬರುತ್ತವೆ. ಅದನ್ನು ಬಳಿದು ಎಸೆಯಬಹುದು. ಮೇಲ್ಮೈ ಸೆಳೆತವನ್ನು ಕಲಿಸುವ ಅಧ್ಯಾಪಕರಿಗೆ ಇದು ಒಳ್ಳೆಯ ಉದಾಹರಣೆ.

ಆದರೆ ಸಾರಜನಕದ ಲೆಕ್ಕ ಸರಿಹೋದರೂ ರಂಜಕ ಉಳಿಯಿತು. ಅದಕ್ಕೆ ಗಾಳಿಗೆ ಹಾರುವ ದಾರಿ ಇಲ್ಲ. ಮೀನಿಗೆ ಹಾಕಿದ ಪ್ರತಿ ಚಿಟಿಕೆ ಆಹಾರದೊಂದಿಗೆ ಫಾಸ್ಫೇಟ್ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಸಾಗರ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಆರಂಭಿಸಿದ ಅಧ್ಯಯನಗಳಿಂದ ತೇಲುವ ಪಾಚಿಗಳಲ್ಲಿ ಇಂಗಾಲ, ಸಾರಜನಕ, ರಂಜಕಗಳ ಪರಮಾಣುಗಳು ಸರಾಸರಿ 106:16:1ರ ಪ್ರಮಾಣದಲ್ಲಿರುತ್ತವೆ ಎಂದು ತಿಳಿಯಿತು. ಇದರಿಂದ ಒಂದು ಗ್ರಾಮ್ ರಂಜಕ ಸುಮಾರು 41 ಗ್ರಾಮ್ ಇಂಗಾಲವನ್ನು, ಅಂದರೆ ನೂರು ಗ್ರಾಮಿಗೂ ಮಿಕ್ಕ ಒಣ ಪಾಚಿಯನ್ನು, ಕಟ್ಟಬಲ್ಲದೆಂದು ವಿದ್ಯಾರ್ಥಿಗಳೇ ಲೆಕ್ಕ ಮಾಡಬಹುದು. ಕೆನಡಾದ ಡೇವಿಡ್ ಶಿಂಡ್ಲರ್ 1973ರಲ್ಲಿ ಒಂಟಾರಿಯೊದ ‘226ನೇ ಸರೋವರ’ವನ್ನು ಪರದೆಯಿಂದ ಎರಡು ಪಾಲು ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ವಿಮಾನದಿಂದ ತೆಗೆದ ಚಿತ್ರದಲ್ಲಿ ಆ ಒಂದು ಪಾಲು ಮಾತ್ರ ಹಸಿರಾಗಿತ್ತು. ಯಾವ ಸಮೀಕರಣವೂ ಇಲ್ಲದ ಆ ಚಿತ್ರ ಮಾರ್ಜಕಗಳಲ್ಲಿನ ಫಾಸ್ಫೇಟಿನ ವಿರುದ್ಧ ಕಾನೂನುಗಳಿಗೆ ಬಲ ಕೊಟ್ಟಿತು.

ತೊಟ್ಟಿಯಿಂದ ರಂಜಕವನ್ನು ಹೊರಹಾಕಲು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಆಡಿ ಕಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. 1980ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಆತ ಹವಳದ ದಿಬ್ಬವೊಂದನ್ನೇ ತೊಟ್ಟಿಯಲ್ಲಿ ಪ್ರದರ್ಶನಕ್ಕಿಟ್ಟ. ಪಕ್ಕದಲ್ಲಿ ಒರಟು ಜಾಲರಿಯ ಮೇಲೆ ನೀರನ್ನು ಅಲೆಯಂತೆ ಮಗುಚುತ್ತ, ಪ್ರಖರ ಬೆಳಕು ಕೊಟ್ಟು, ಪಾಚಿಯನ್ನು ಬೇಕೆಂದೇ ಬೆಳೆಸಿದ! ಆಗಾಗ ಜಾಲರಿಯನ್ನು ಕೆರೆದು ಪಾಚಿಯನ್ನು ತೆಗೆದರೆ ಅದರೊಂದಿಗೆ ರಂಜಕವೂ ಹೊರಹೋಯಿತು. ಹವಳದ ಮೇಲೆ ಬೆಳೆಯಬೇಕಾಗಿದ್ದ ಪಾಚಿಗೆ ಅನ್ನವೇ ಉಳಿಯಲಿಲ್ಲ. ತೊಟ್ಟಿಯಲ್ಲಿ ರಾತ್ರಿಯಾದಾಗ ಜಾಲರಿಗೆ ದೀಪ ಹಾಕಿದ್ದರಿಂದ ನೀರಿನ ಆಕ್ಸಿಜನ್ ಮತ್ತು ಪಿಎಚ್ ಹಗಲಿರುಳೂ ಹೆಚ್ಚು ಏರಿಳಿಯಲಿಲ್ಲ. 1987ರಲ್ಲಿ ಆಸ್ಟ್ರೇಲಿಯದ ಟೌನ್ಸ್‌ವಿಲ್‌ನಲ್ಲಿ ತೆರೆದ ದೊಡ್ಡ ಅಕ್ವೇರಿಯಂ ಇದನ್ನೇ ಅನುಸರಿಸಿತು. ಅಲ್ಲಿ ನೀರು ಹಳದಿಗಟ್ಟಿತೆಂಬ ದೂರು ಬಂತು; ಪಾಚಿ ಸೋರಿಸುವ ಬಣ್ಣದ ಪದಾರ್ಥಗಳು ನೀಲಿ ಬೆಳಕನ್ನು ಹೀರುತ್ತವೆ. ಯಾವ ಉಪಾಯವೂ ಪೂರ್ತಿ ಪುಕ್ಕಟೆಯಲ್ಲ.

ಇನ್ನೊಂದು ಉಪಾಯ ಕಬ್ಬಿಣದ ಹೈಡ್ರಾಕ್ಸೈಡಿನ ಹರಳು. ಬರ್ಲಿನ್ನಿನಲ್ಲಿ ಇದನ್ನು ರೂಪಿಸಿದ್ದು ಕುಡಿಯುವ ನೀರಿನಿಂದ ಆರ್ಸೆನಿಕ್ ತೆಗೆಯಲು. ಆರ್ಸೆನೇಟ್ ಮತ್ತು ಫಾಸ್ಫೇಟ್ ಅಯಾನುಗಳು ರಚನೆಯಲ್ಲಿ ಅಣ್ಣತಮ್ಮಂದಿರು. ಒಂದನ್ನು ಹಿಡಿಯುವುದು ಇನ್ನೊಂದನ್ನೂ ಹಿಡಿಯುತ್ತದೆ. ನಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಸುತ್ತಿನ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿರುವುದನ್ನು ನೆನೆದರೆ, ಹವಳದ ತೊಟ್ಟಿಯ ರಸಾಯನಶಾಸ್ತ್ರ ನಮಗೆ ಅಷ್ಟು ದೂರದ್ದಲ್ಲ.

ಈ ಹವ್ಯಾಸವನ್ನು ನಮ್ಮಲ್ಲಿ ಯಾರೂ ಹೊಸದಾಗಿ ಹಚ್ಚಿಕೊಳ್ಳಬೇಕಾಗಿಲ್ಲ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಲಾಯಿತು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಗಳನ್ನು ಅಲ್ಲೇ ನೋಡಿ ಬರುವುದು ಮೇಲು.

ತೊಟ್ಟಿಯ ಪಾಠ ಕಡಲಿನಲ್ಲಿ

ತೊಟ್ಟಿಯಲ್ಲಿ ಗೆಳೆಯನಾಗಿದ್ದ ಪಾಚಿಯೊಂದು ಕಡಲಿಗೆ ಪೀಡೆಯಾದ ಕಥೆಯೂ ಇದೆ. ಕಾಲರ್ಪ ಟ್ಯಾಕ್ಸಿಫೋಲಿಯ ಎಂಬ ಗರಿಯಂಥ ಸುಂದರ ಪಾಚಿಯ ಗಟ್ಟಿ ತಳಿಯೊಂದನ್ನು ಯೂರೋಪಿನ ಅಕ್ವೇರಿಯಂಗಳು ಬೆಳೆಸುತ್ತಿದ್ದವು. 1984ರಲ್ಲಿ ಅದು ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಚಿಕ್ಕ ತೇಪೆಯಾಗಿ ಕಾಣಿಸಿತು. ಅಲೆಕ್ಸಾಂಡರ್ ಮೈನೆಜ್ ಎಂಬ ಜೀವವಿಜ್ಞಾನಿ ಎಚ್ಚರಿಸುತ್ತಲೇ ಇದ್ದರು. ಅದು ಎಲ್ಲಿಂದ ಬಂತೆಂಬ ವಾಗ್ವಾದದಲ್ಲಿ ಕಾಲ ಕಳೆದು, ಸಾವಿರಾರು ಹೆಕ್ಟೇರಿಗೆ ಹಬ್ಬಿತು. ಅದೇ ತಳಿ 2000ದಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಂಡಾಗ ಅಲ್ಲಿಯವರು ತಡಮಾಡಲಿಲ್ಲ. ಕಪ್ಪು ತಾಡಪತ್ರಿಗಳನ್ನು ಅದರ ಮೇಲೆ ಹೊದಿಸಿ ಒಳಗೆ ಕ್ಲೋರಿನ್ ಬಿಟ್ಟರು. ಕತ್ತಲೆ, ವಿಷ ಎರಡೂ ಒಟ್ಟಿಗೆ! 2006ರಲ್ಲಿ ಅದು ನಿರ್ಮೂಲವಾಯಿತೆಂದು ಘೋಷಿಸಿದರು. ಹಳೆಯ ಅಸ್ತ್ರಗಳು ನಿಷ್ಪ್ರಯೋಜಕವಲ್ಲ. ಜಾಗ ಚಿಕ್ಕದಾಗಿರಬೇಕು, ಅಲ್ಲಿ ಸಾಯಬಾರದ್ದು ಬೇರೇನೂ ಇರಬಾರದು.

ಹವಾಯಿಯ ಕನೆಯೋಹೆ ಕೊಲ್ಲಿಯಲ್ಲಿ ಚರಂಡಿ ನೀರಿನಿಂದ ಹಸಿರು ಗುಳ್ಳೆಪಾಚಿ ಹವಳವನ್ನು ಮುಚ್ಚುತ್ತಿತ್ತು. 1977-78ರಲ್ಲಿ ಚರಂಡಿಯನ್ನು ಬೇರೆಡೆಗೆ ತಿರುಗಿಸಿದ ಮೇಲೆ ಪಾಚಿ ಇಳಿಯಿತು. ಜಮೈಕದಲ್ಲಿ ಇನ್ನೊಂದು ಬಗೆಯ ಕೊರತೆ ಉಂಟಾಯಿತು. ಪಾಚಿ ಮೇಯುವ ಡಯಡೀಮ ಎಂಬ ಕಡಲಮುಳ್ಳು ಪ್ರಾಣಿಗಳು 1983-84ರಲ್ಲಿ ರೋಗದಿಂದ ಬಹುತೇಕ ಸತ್ತವು. ಮೇಯುವ ಮೀನುಗಳನ್ನು ಮನುಷ್ಯರು ಮೊದಲೇ ಹಿಡಿದು ಮುಗಿಸಿದ್ದರು. 1977ರಲ್ಲಿ ದಿಬ್ಬದ ನೂರಕ್ಕೆ 52 ಭಾಗದಷ್ಟಿದ್ದ ಹವಳ 1993ಕ್ಕೆ 3ಕ್ಕೆ ಇಳಿದು, 4 ಭಾಗವಿದ್ದ ಪಾಚಿ 92 ಆಯಿತು.

ಮತ್ತೆ ತುಂಗಭದ್ರೆಗೆ

ಗದ್ದೆಯ ಪಾಚಿಯೆಲ್ಲ ಶತ್ರುವಲ್ಲ. ಭತ್ತದ ಗದ್ದೆಯ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆಂದು 1939ರಲ್ಲಿ ಬಂಗಾಳದ ಪಿ.ಕೆ. ಡೇ ತೋರಿಸಿದರು. ಕಾಶಿಯ ಆರ್.ಎನ್. ಸಿಂಗ್ 1950ರಲ್ಲಿ ಅದನ್ನು ಉತ್ತರದ ಸವಳು ನೆಲಗಳ ಸುಧಾರಣೆಗೆ ಸೂಚಿಸಿದರು. ಸವಳು-ಜವಳಿನ ಕಾಟ ಬಲ್ಲ ನಮ್ಮ ಅಚ್ಚುಕಟ್ಟಿನವರಿಗೆ ಇದು ಆಸಕ್ತಿಯ ವಿಷಯ. ಅದೇ ಪಾಚಿ ಯೂರಿಯಾ ಹಾಕಿದ ಗದ್ದೆಯಲ್ಲಿ ಕಳ್ಳನೂ ಆಗುತ್ತದೆ. ಹಗಲು ನೀರಿನ ಕಾರ್ಬನ್ ಡೈಆಕ್ಸೈಡನ್ನು ಅದು ಹೀರಿದಾಗ ಪಿಎಚ್ 9ನ್ನು ದಾಟುತ್ತದೆ. ಪಿಎಚ್ 7ರಲ್ಲಿ ನೂರಕ್ಕೆ ಒಂದು ಪಾಲೂ ಅನಿಲರೂಪದಲ್ಲಿರದ ಅಮೋನಿಯ ಪಿಎಚ್ 9.3ರ ಹೊತ್ತಿಗೆ ಅರ್ಧದಷ್ಟಾಗಿ ಗಾಳಿಗೆ ಹಾರಲು ಸಿದ್ಧವಾಗುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 1978ರಿಂದ ಇದನ್ನು ಅಳೆದಿದ್ದಾರೆ. ಗೊಬ್ಬರವನ್ನು ನಿಂತ ನೀರಿನ ಮೇಲೆ ಎರಚದೆ ಕೆಸರಿನೊಳಗೆ ಸೇರಿಸಿದರೆ ಪಾಚಿಗೂ ಊಟ ಸಿಗದು, ಯೂರಿಯಾವೂ ಉಳಿಯುತ್ತದೆ.

ನಿಜವಾದ ಚಿಂತೆ ಕುಡಿಯುವ ನೀರಿನದು. ಇತ್ತೀಚಿನ ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರು ಹಲವು ಸಲ ಹಸಿರಾಗಿದೆ. ಸುಮಾರು 378 ಚದರ ಕಿಲೋಮೀಟರ್ ಹರಡಿರುವ ನೀರಿಗೆ ನೆರಳು ಹೊದಿಸಲಾಗದು. ಕುಡಿಯುವ ನೀರಿಗೆ ಮೈಲುತುತ್ತು ಹಾಕುವುದರ ಅಪಾಯ ಪಾಮ್ ದ್ವೀಪದಲ್ಲಿ ಕಂಡಿದೆ. ಅಂದರೆ ಜಲಾಶಯವೂ ಹವಳದ ತೊಟ್ಟಿಯ ಸ್ಥಿತಿಯಲ್ಲೇ ಇದೆ. ಉಳಿದಿರುವುದು ಮೂರನೆಯ ದಾರಿ: ಉಪವಾಸ ಕೆಡವುವುದು. 50 ಕಿಲೋ ಡಿಎಪಿ ಚೀಲದಲ್ಲಿ ಸುಮಾರು 10 ಕಿಲೋ ರಂಜಕವಿರುತ್ತದೆ. ಅದರ ನೂರರಲ್ಲಿ ಒಂದು ಪಾಲು ಮಾತ್ರ ನೀರಿಗೆ ಸೇರಿತೆನ್ನಿ. 33 ಲಕ್ಷ ಲೀಟರ್ ಶುದ್ಧ ನೀರನ್ನು ಲೀಟರಿಗೆ 30 ಮೈಕ್ರೋಗ್ರಾಮ್ ರಂಜಕದ ಮಟ್ಟಕ್ಕೆ, ಸರೋವರಗಳು ಹಸಿರಾಗತೊಡಗುವ ಮಟ್ಟಕ್ಕೆ, ತರಲು ಅಷ್ಟು ಸಾಕು. ಮೇಲಿನ ಊರುಗಳ ಚರಂಡಿ ಮತ್ತು ಹೊಲಗಳ ರಂಜಕ ಜಲಾಶಯಕ್ಕೆ ಬರುತ್ತದೆ. ಸಿಂಧನೂರಿನ ಗದ್ದೆಗಳದು ಹಳ್ಳಗಳ ಮೂಲಕ ಕೆಳಗಿನವರಿಗೆ ಹೋಗುತ್ತದೆ.

ಇಂದೇ ಒಳಹರಿವು ನಿಂತರೂ ನಾಳೆಯೇ ನೀರು ತಿಳಿಯಾಗದು. ಮೂಲತಃ 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. ತಳದ ಕೆಸರಿನಲ್ಲಿ ಆಕ್ಸಿಜನ್ ಮುಗಿದಾಗ ಕಬ್ಬಿಣಕ್ಕೆ ಅಂಟಿದ್ದ ರಂಜಕ ಬಿಡುಗಡೆಯಾಗುತ್ತದೆಂದು ಇಂಗ್ಲೆಂಡಿನ ಕ್ಲಿಫರ್ಡ್ ಮಾರ್ಟಿಮರ್ 1941ರಲ್ಲೇ ತೋರಿಸಿದ್ದರು. ಹಳೆಯ ಬಂಡೆ ತಿಂಗಳುಗಟ್ಟಲೆ ಫಾಸ್ಫೇಟ್ ಸೋರಿಸುವುದನ್ನು ಹವಳ ಸಾಕುವವರೂ ಬಲ್ಲರು.

ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ನಮ್ಮ ಊರುಗಳು ಕುಡಿಯುವುದು ಕೆರೆಯಲ್ಲಿ ತುಂಬಿಟ್ಟ ಇದೇ ನೀರನ್ನು. ಶಾಲಾ ಕಾಲೇಜುಗಳು ಇದನ್ನು ಅಳೆಯಬಹುದು. ಮರ್ಫಿ ಮತ್ತು ರೈಲಿ 1962ರಲ್ಲಿ ರೂಪಿಸಿದ ಮಾಲಿಬ್ಡಿನಂ ನೀಲಿ ಪರೀಕ್ಷೆಯಲ್ಲಿ ಫಾಸ್ಫೇಟ್ ಹೆಚ್ಚಿದಷ್ಟೂ ಬಣ್ಣ ಗಾಢವಾಗುತ್ತದೆ. ಆ ಬಣ್ಣ ಕೆಂಪು ಬೆಳಕನ್ನು ಹೀರುತ್ತದೆ. ಒಂದು ಕೆಂಪು ಎಲ್‌ಇಡಿ, ಒಂದು ಎಲ್‌ಡಿಆರ್, ಒಂದು ಮಲ್ಟಿಮೀಟರ್ ಇದ್ದರೆ ಮಾದರಿಗಳನ್ನು ಹೋಲಿಸಲು ಸಾಕು. ಆಮ್ಲವಿರುವುದರಿಂದ ದ್ರಾವಣಗಳನ್ನು ಅಧ್ಯಾಪಕರೇ ಬೆರೆಸಬೇಕು. ಕಾಲುವೆ ಬಿಟ್ಟ ವಾರ, ಕಾಲುವೆ ನಿಂತ ವಾರ, ಮತ್ತು ಮೊದಲ ಮಳೆಯ ನಂತರ, ಹೀಗೆ ವರ್ಷಕ್ಕೆ ಮೂರು ಸಲ ಕೆರೆಯ ನೀರನ್ನು ಅಳೆದು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಿ. ನೀರು ಹಸಿರಾದ ದಿನವನ್ನೂ ಅದೇ ಪುಸ್ತಕದಲ್ಲಿ ಗುರುತಿಸಿ.